ಕಡಿದ ಕಾಡಿನಲ್ಲಿ ಹಕ್ಕಿಗಳ ಗದ್ದಲ

ಆ ಸಾಕ್ಷ್ಯಚಿತ್ರದ ಶಬ್ದದ ಕೆಲಸ ನನ್ನ ಕೈಗೆ ಬರುವ ಹೊತ್ತಿಗೆ ದೃಶ್ಯಗಳ ಜೋಡಣೆ ಮುಗಿದಿತ್ತು. ಇನ್ನು ಒಂದು ಶಾಟ್ ಕೂಡ ಬದಲಾಗುವುದಿಲ್ಲ ಎಂದು ನಿರ್ದೇಶಕರು ಹೇಳಿಬಿಟ್ಟಿದ್ದರು. ಐವತ್ತು ನಿಮಿಷದ ಆ ಚಿತ್ರಕ್ಕೆ ಕಾಡಿನ ಸದ್ದನ್ನು ಕೂರಿಸಿ, ನಿರೂಪಣೆ ಮತ್ತು ಸಂಗೀತದ ಜತೆ ಹದವಾಗಿ ಬೆರೆಸಿ ಕೊಡಲು ನನಗೆ ಐದು ವಾರಗಳ ಸಮಯವಿತ್ತು.

ಚಿತ್ರೀಕರಣ ನಡೆದದ್ದು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ. ಮಳೆಕಾಡು ಎಂದರೆ ನನಗೆ ಸೆಕೆ, ಬಳ್ಳಿ, ಜಿಗಣೆಗಳಷ್ಟೇ ಗೊತ್ತಿತ್ತು. ಚಳಿಯ ನಾಡಿನಲ್ಲೂ ಮಳೆಕಾಡುಗಳಿವೆ ಎಂದು ತಿಳಿದದ್ದು ಈ ಕೆಲಸದಿಂದ. ಅಲ್ಲಿನ ಸೀಡರ್ ಮರಗಳಿಗೆ ನೂರಾರು ವರ್ಷ ವಯಸ್ಸು. ಕೊಂಬೆಗಳ ಮೇಲೆ ಹಾಸಿಗೆ ಹಾಸಿದಷ್ಟು ದಪ್ಪಗೆ ಪಾಚಿ. ಬಿದ್ದ ಮರ ಕೊಳೆತು ಮಣ್ಣಾಗುವಷ್ಟರಲ್ಲಿ ಅದರ ಬೆನ್ನ ಮೇಲೆಯೇ ಸಾಲಾಗಿ ಹೊಸ ಮರಗಳು ಬೆಳೆದು ನಿಂತಿರುತ್ತವೆ. ಇಂಥ ಕಾಡನ್ನು ಕಡಿದರೆ ಅಲ್ಲಿನ ಪ್ರಾಣಿಪಕ್ಷಿಗಳಿಗೆ ಏನಾಗುತ್ತದೆ ಎನ್ನುವುದೇ ಚಿತ್ರದ ವಿಷಯ. ಕಾಡು ಅಲ್ಲಿ; ನಾನು ಸಿಂಗಪುರದ ಬ್ಯೂನಾ ವಿಸ್ಟಾದ ಒಂದು ಆಫೀಸಿನ ಐದನೇ ಮಹಡಿಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು.

ಇಂಥ ಚಿತ್ರಗಳಲ್ಲಿ ಕ್ಯಾಮೆರಾದ ಜತೆ ಬಂದ ಸದ್ದು ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ. ಡ್ರೋನ್ ಗುಂಯ್‌ಗುಟ್ಟುತ್ತಿರುತ್ತದೆ, ಯಾರೋ ಕೆಮ್ಮುತ್ತಾರೆ, ಜಾಕೆಟ್ಟು ಸರಸರ ಎನ್ನುತ್ತದೆ. ಆದ್ದರಿಂದ ಸದ್ದನ್ನು ಬೇರೆಯಾಗಿಯೇ ಮುದ್ರಿಸಿಕೊಳ್ಳುತ್ತಾರೆ. ಈ ಚಿತ್ರಕ್ಕೆ ಆ ಕೆಲಸ ಮಾಡಿದವರು ಆ ಕಾಡಿರುವ ಕಣಿವೆಯಲ್ಲೇ ಹುಟ್ಟಿ ಬೆಳೆದ, ಅರವತ್ತು ದಾಟಿದ ಒಬ್ಬ ಮಹಿಳೆ. ಚಿತ್ರತಂಡ ಹೊರಟುಹೋದ ಮೇಲೂ ಅವರು ಒಬ್ಬರೇ ವಾರಗಟ್ಟಲೆ ಉಳಿದು, ಮೂರು ಜಾಗಗಳಲ್ಲಿ ಮುಂಜಾನೆ ಮೈಕ್ ಇಟ್ಟು ಕಾದಿದ್ದರು. ಒಂದನೆಯದು, ಎಂದೂ ಕೊಡಲಿ ಬೀಳದ ಹಳೆಯ ಕಾಡು. ಎರಡನೆಯದು, ಕೆಲವೇ ವರ್ಷಗಳ ಹಿಂದೆ ಪೂರ್ತಿಯಾಗಿ ಕಡಿದ ಜಾಗ. ಮೂರನೆಯದು, ಬಹಳ ಹಿಂದೆ ಕಡಿದು ಮತ್ತೆ ಸಸಿ ನೆಟ್ಟು ಬೆಳೆಸಿದ ಕಾಡು. ನನಗೆ ಬಂದ ಹಾರ್ಡ್ ಡಿಸ್ಕಿನಲ್ಲಿ ಒಂದು, ಎರಡು, ಮೂರು ಎಂಬ ಹೆಸರಿನ ಫೋಲ್ಡರ್‌ಗಳಿದ್ದವು.

ಚಿತ್ರವೂ ಇದೇ ಮೂರು ಭಾಗಗಳಲ್ಲಿ ಸಾಗುತ್ತಿತ್ತು. ನಿರ್ದೇಶಕರು ಕೊಟ್ಟ ಟಿಪ್ಪಣಿ ಸ್ಪಷ್ಟವಾಗಿತ್ತು. ಹಳೆಯ ಕಾಡು ಹಕ್ಕಿಗಳ ದನಿಯಿಂದ ತುಂಬಿ ತುಳುಕಬೇಕು. ಕಡಿದ ಜಾಗದಲ್ಲಿ ಸ್ಮಶಾನಮೌನ. ಮತ್ತೆ ನೆಟ್ಟ ಹಸಿರು ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ಹಕ್ಕಿ ಹಿಂದಿರುಗುತ್ತಿರಬೇಕು, ಜತೆಗೆ ಪಿಯಾನೊ.

ದೊಡ್ಡ ಪ್ರಮಾಣದ ಮುದ್ರಣ ಬಂದಾಗ ನಾನು ಮೊದಲು ಒಂದು ಸಫಾಯಿ ಮಾಡುತ್ತೇನೆ. ಪ್ರತಿ ಫೈಲಿನ ಮೊದಲ ನಿಮಿಷ ಮತ್ತು ಕೊನೆಯ ನಿಮಿಷ ತನ್ನಷ್ಟಕ್ಕೆ ಕತ್ತರಿಸಿಹೋಗುವಂತೆ ಸಾಫ್ಟ್‌ವೇರಿಗೆ ಹೇಳಿರುತ್ತೇನೆ. ಅಲ್ಲಿ ಮೈಕ್ ನಿಲ್ಲಿಸುವ ಸದ್ದು, ಹೆಜ್ಜೆಸದ್ದು ಇವೇ ಇರುತ್ತವೆ. ಆಮೇಲೆ ಮೈಕಿನದೇ ಆದ ಹಿಸ್ ಎನ್ನುವ ಸಣ್ಣ ಸದ್ದನ್ನು ತೆಗೆಯುವ ಫಿಲ್ಟರ್. ಇಷ್ಟಾದ ಮೇಲೆಯೇ ಕೇಳಲು ಕೂರುವುದು.

ಕೇಳಿದಾಗ ತಲೆ ಕೆಟ್ಟಿತು. ಒಂದನೆಯ ಫೋಲ್ಡರಿನಲ್ಲಿ ಹೆಚ್ಚುಕಡಿಮೆ ಏನೂ ಇರಲಿಲ್ಲ. ಎಲೆಯಿಂದ ಎಲೆಗೆ ನೀರು ತೊಟ್ಟಿಕ್ಕುತ್ತಿತ್ತು. ಎಷ್ಟೋ ಹೊತ್ತಿಗೆ ಒಂದು ಉದ್ದನೆಯ ಸಿಳ್ಳೆ, ಮತ್ತೆ ನಿಶ್ಶಬ್ದ. ಎರಡನೆಯದರಲ್ಲಿ ಮಾತ್ರ ಹಕ್ಕಿಗಳ ಸಂತೆ: ಚಿಲಿಪಿಲಿ, ಕರಕರ, ಒಂದರ ಮೇಲೊಂದು ಬಿದ್ದು ಹಾಡು. ಮೂರನೆಯದರಲ್ಲಿ ಗಾಳಿ ಬಿಟ್ಟರೆ ಏನೂ ಇಲ್ಲ. ಸದ್ದನ್ನು ಚಿತ್ರದಂತೆ ತೋರಿಸುವ ಸ್ಪೆಕ್ಟ್ರೋಗ್ರಾಮ್ ತೆರೆದು ನೋಡಿದೆ. ಎರಡನೆಯದರ ಪರದೆ ಗೀರುಗಳಿಂದ ಕಿಕ್ಕಿರಿದಿತ್ತು, ಮೂರನೆಯದು ಒರೆಸಿಟ್ಟ ಸ್ಲೇಟಿನಂತಿತ್ತು.

ಫೋಲ್ಡರ್‌ಗಳ ಹೆಸರು ಅದಲುಬದಲಾಗಿದೆ ಎಂದು ನಾನು ತೀರ್ಮಾನಿಸಿದೆ. ಕಾಪಿ ಮಾಡುವಾಗ ಹೀಗಾಗುವುದು ಹೊಸದೇನಲ್ಲ. ಗದ್ದಲವಿರುವ ಎರಡನೆಯದೇ ಹಳೆಯ ಕಾಡು. ಖಾಲಿಯಾಗಿರುವ ಮೂರನೆಯದೇ ಕಡಿದ ಜಾಗ. ಅಪರೂಪಕ್ಕೊಂದು ಸಿಳ್ಳೆಯಿರುವ ಒಂದನೆಯದೇ ಹಕ್ಕಿಗಳು ಮರಳುತ್ತಿರುವ ಹೊಸ ಕಾಡು. ಹೀಗೆ ಜೋಡಿಸಿ ನೋಡಿದರೆ ನಿರ್ದೇಶಕರ ಟಿಪ್ಪಣಿಗೆ ಅಳೆದು ಹೊಲಿದ ಅಂಗಿಯಂತೆ ಕೂತುಬಿಟ್ಟಿತು.

ನಮ್ಮ ನಿರ್ಮಾಪಕಿ ಇಲ್ಲೇ ಹೌಗಾಂಗಿನಲ್ಲಿ ಬೆಳೆದವರು. ಅಪ್ಪ ಅಮ್ಮ ಬೆಂಗಳೂರಿನವರು. ಕನ್ನಡ ಓದಲು ಬಾರದು, ಮಾತು ಮಾತ್ರ ಸರಾಗ, ಕೊನೆಯಲ್ಲಿ ಸಿಂಗಪುರದವರ 'ಲಾ' ಸೇರಿಸಿ. ವಿಷಯ ಹೇಳಿದೆ.

"ಶ್ಯೂರ್ ಆಗಿದೀರಾ? ರೆಕಾರ್ಡಿಸ್ಟ್‌ಗೆ ಒಂದ್ ಮೇಲ್ ಹಾಕಿ ಕೇಳ್ಬಿಡಿ ಲಾ," ಎಂದರು.

"ಅವರು ಕಾಡಲ್ಲಿದಾರೆ, ನೆಟ್‌ವರ್ಕ್ ಇರಲ್ಲ. ರಿಪ್ಲೈ ಬರೋಷ್ಟರಲ್ಲಿ ವಾರ ಆಗತ್ತೆ. ಕೇಳಿದ್ರೆ ಗೊತ್ತಾಗಲ್ವಾ, ಇದು ಕ್ಲಿಯರ್ ಆಗಿ ಮಿಕ್ಸ್-ಅಪ್," ಎಂದೆ.

ನೆಟ್‌ವರ್ಕ್ ಇಲ್ಲದ್ದು ನಿಜ. ಆದರೆ ನಾನು ಕೇಳದಿದ್ದದ್ದು ಅದಕ್ಕಲ್ಲ. ನನಗೆ ಬೇಕಾದ ಉತ್ತರ ಆಗಲೇ ಸಿಕ್ಕಿತ್ತು.

ಮೂರು ವಾರ ಕೆಲಸ ಮಾಡಿದೆ. ಕಡಿದ ಬುಡಗಳ ಮೇಲೆ ಕ್ಯಾಮೆರಾ ನಿಧಾನವಾಗಿ ಸಾಗುವ ದೃಶ್ಯಕ್ಕೆ ಬರೀ ಗಾಳಿಯನ್ನಿಟ್ಟು, ಅದನ್ನೂ ಸ್ವಲ್ಪ ಸ್ವಲ್ಪವೇ ಇಳಿಸಿ, ಕೊನೆಗೆ ಏನೂ ಉಳಿಯದಂತೆ ಮಾಡಿದ್ದೆ. ಅದನ್ನು ನೋಡಿದ ನಿರ್ದೇಶಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇದೇ ನನಗೆ ಬೇಕಾಗಿದ್ದದ್ದು," ಎಂದರು. ಆ ದಿನ ಮನೆಗೆ ಹೋಗುವಾಗ ರೈಲಿನಲ್ಲಿ ನಿಂತೇ ಇದ್ದರೂ ಕಾಲು ನೋಯಲಿಲ್ಲ.

ಚಿತ್ರವನ್ನು ಪ್ರಸಾರ ಮಾಡಲಿದ್ದ ಟಿವಿ ಚಾನೆಲ್ಲಿನವರ ಮುಂದೆ ಪ್ರದರ್ಶನಕ್ಕೆ ಎರಡು ವಾರ ಉಳಿದಿತ್ತು. ಕೆಲಸ ಮಾಡಿದ ಎಲ್ಲರಿಗೂ ಚಿತ್ರದ ಲಿಂಕ್ ಹೋಯಿತು. ಮಂಗಳವಾರ ಬೆಳಿಗ್ಗೆ ರೆಕಾರ್ಡಿಸ್ಟ್‌ರಿಂದ ನನಗೊಂದು ಮೇಲ್ ಬಂದಿತ್ತು. ಕಾಡಿನಿಂದ ಊರಿಗೆ ಬಂದಿದ್ದಾಗಿಯೂ, ಚಿತ್ರವನ್ನು ಎರಡು ಸಲ ನೋಡಿದ್ದಾಗಿಯೂ ಬರೆದಿದ್ದರು. ನನ್ನ ಕೆಲಸದ ನಯವನ್ನು ಹೊಗಳಿ ನಾಲ್ಕು ಸಾಲುಗಳಿದ್ದವು. ಕೊನೆಯಲ್ಲಿ ಒಂದು ಪ್ರಶ್ನೆ: ಮೊದಲ ಭಾಗದಲ್ಲಿ ಕೇಳುವ ಹಕ್ಕಿಗಳು ಆ ಜಾಗದವಲ್ಲ ಅನಿಸುತ್ತದೆ, ಬಿಡುವಾದಾಗ ಮೂಲ ಫೈಲಿನ ಆರಂಭವನ್ನು ಒಮ್ಮೆ ಕೇಳುತ್ತೀರಾ?

ಉತ್ತರ ಬರೆಯಲು ಶುರುಮಾಡಿಯೇ ಬಿಟ್ಟಿದ್ದೆ, ಫೋಲ್ಡರ್‌ಗಳು ಅದಲುಬದಲಾಗಿದ್ದವು ಎಂದು. ಅರ್ಧಕ್ಕೆ ನಿಲ್ಲಿಸಿ ಹಾರ್ಡ್ ಡಿಸ್ಕಿನಲ್ಲಿದ್ದ ಮೂಲ ಫೈಲ್ ತೆರೆದೆ. ಎರಡನೆಯ ಫೋಲ್ಡರ್, ಮೊದಲ ಫೈಲ್. ಹೆಜ್ಜೆಸದ್ದು. ಜಿಪ್ ಎಳೆದ ಸದ್ದು. ಆಮೇಲೆ ಒಂದು ಹೆಣ್ಣು ದನಿ, ಮೈಕಿನ ಹತ್ತಿರ ಬಾಗಿ ಮೆಲ್ಲಗೆ ಮಾತಾಡುತ್ತಿತ್ತು. ಎರಡನೆಯ ಜಾಗ. ಕಡಿದದ್ದು. ಪಡುವಣ ಗಾಳಿ. ಜೇ ಹಕ್ಕಿಗಳು ಬಹಳ.

ಎಲ್ಲ ಫೈಲುಗಳ ಮೊದಲ ನಿಮಿಷದಲ್ಲೂ ಆ ದನಿಯಿತ್ತು. ಜಾಗ, ಹೊತ್ತು, ಗಾಳಿ, ಕಂಡ ಹಕ್ಕಿ ಎಲ್ಲವನ್ನೂ ಹೇಳಿದ್ದರು. ನಾನೇ ಮಾಡಿಟ್ಟ ನಿಯಮ ಅದೆಲ್ಲವನ್ನೂ ನನಗೆ ಕೇಳಿಸುವ ಮೊದಲೇ ಕತ್ತರಿಸಿ ಎಸೆದಿತ್ತು. ಹೆಸರುಗಳು ಎಲ್ಲಿಯೂ ಅದಲುಬದಲಾಗಿರಲಿಲ್ಲ. ಅದಲುಬದಲು ಮಾಡಿದವಳು ನಾನು.

 ಸಿಂಗಪುರದಲ್ಲಿ ಕೆಲಸ ಮಾಡಲು ಬೇಕಾದ ನನ್ನ ವರ್ಕ್ ಪಾಸ್ ನವೀಕರಣದ ಅರ್ಜಿ ಅದೇ ತಿಂಗಳು ಹೋಗಬೇಕಿತ್ತು. ಸುಳ್ಳು ಹೇಳಲಾರೆ, ಮೊದಲು ನೆನಪಾದದ್ದು ಅದೇ. ಯಾರಿಗೂ ಹೇಳದೆ ಇದ್ದುಬಿಟ್ಟರೆ ಹೇಗೆ ಎಂದು ಲಿಫ್ಟಿನವರೆಗೆ ಹೋಗಿ ಬರುವಷ್ಟು ಹೊತ್ತು ಯೋಚಿಸಿದೆ. ಆಮೇಲೆ ನಿರ್ಮಾಪಕಿಯ ಮೇಜಿನ ಹತ್ತಿರ ಹೋಗಿ ಎಲ್ಲ ಹೇಳಿದೆ.

ಅವರು ಲ್ಯಾಪ್‌ಟಾಪ್ ಮುಚ್ಚಿದರು. "ಅಂದ್ರೆ ಕಡಿದ ಜಾಗದಲ್ಲೇ ಜಾಸ್ತಿ ಬರ್ಡ್ಸ್ ಇದಾವಾ? ಹೆಂಗೆ? ನಮ್ಮ ಫಿಲ್ಮ್ ಉಲ್ಟಾ ಹೇಳ್ತಾ ಇದೆಯಾ?"

"ನಂಗೂ ಅರ್ಥ ಆಗ್ತಿಲ್ಲ."

"ಸರಿ, ಅವ್ರನ್ನೇ ಕೇಳಿ. ನಾಳೆ ಬೆಳಿಗ್ಗೆ ಕಾಲ್ ಫಿಕ್ಸ್ ಮಾಡ್ತೀನಿ. ಡೈರೆಕ್ಟರ್‌ಗೆ ಆಮೇಲೆ ಹೇಳೋಣ." ನಾನು ತಿರುಗಿ ಹೊರಟಾಗ ಕರೆದರು. "ನೋಡಿ, ನಾನೂ ಚೆಕ್ ಮಾಡಿಲ್ಲ. ನಿಮ್ಮೊಬ್ರದ್ದೇ ಅಂತ ತಲೆಗೆ ಹಚ್ಕೋಬೇಡಿ."

ಆ ಮಾತನ್ನು ಅವರು ಹೇಳಬೇಕಾಗಿರಲಿಲ್ಲ. ಕೇಳಿ ಎಂದು ಮೊದಲೇ ಹೇಳಿದ್ದವರು ಅವರು.

ನಮಗೆ ಬುಧವಾರ ಬೆಳಿಗ್ಗೆ ಒಂಬತ್ತಾದಾಗ ಅವರಿಗೆ ಇನ್ನೂ ಮಂಗಳವಾರದ ಸಂಜೆ. ಪರದೆಯ ಮೇಲೆ ಕಂಡದ್ದು ಬಿಳಿ ಕೂದಲನ್ನು ಹಿಂದಕ್ಕೆ ಕಟ್ಟಿದ್ದ ಒಬ್ಬರು, ಹಿಂದೆ ಒಣಗಲು ಹಾಕಿದ್ದ ಮಳೆಯಂಗಿ. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ನೆನಪಿರುವಷ್ಟನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಕ್ಷಮೆ ಕೇಳಲು ಶುರುಮಾಡಿದೆ. ಅವರು ಕೈ ಅಡ್ಡ ಹಿಡಿದರು.

"ನಿಮ್ಮ ಜಾಗದಲ್ಲಿದ್ದರೆ ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು. ನಾನೂ ಮೊದಲ ಸಲ ಹಾಗೇ ಅಂದುಕೊಂಡಿದ್ದೆ. ಬನ್ನಿ, ಒಟ್ಟಿಗೆ ಕೇಳೋಣ."

ಒಂದೂವರೆ ಗಂಟೆ ಕೇಳಿದೆವು. ಮರ ಕಡಿದ ಮೇಲೆ ಮೊದಲ ಕೆಲವು ವರ್ಷ ನೆಲಕ್ಕೆ ಬಿಸಿಲು ಬಿದ್ದು ಪೊದೆ, ಹಣ್ಣು, ಹುಳು ಎಲ್ಲ ಹೆಚ್ಚುತ್ತವಂತೆ. ಬಯಲಿನ ಹಕ್ಕಿಗಳು ಬರುತ್ತವೆ. ಜಿಂಕೆಗಳೂ ಮೇಯಲು ಬರುತ್ತವೆ. ಕಾಗೆಯ ಬಳಗದ ಜೇ ಎಂಬ ನೀಲಿ ಹಕ್ಕಿಯಂತೂ ಹಣ್ಣಿಗಾಗಿ ಗುಂಪುಗುಂಪಾಗಿ ಬಂದು, ಕಾಡಿನ ಅಂಚಿನಲ್ಲೇ ಬೀಡುಬಿಡುತ್ತದೆ.

"ಹಾಗಾದರೆ ತೊಂದರೆ ಏನು?" ಎಂದು ಕೇಳಿದೆ.

"ಜೇ ಅಂಚಿನಲ್ಲೇ ನಿಲ್ಲುವುದಿಲ್ಲ," ಎಂದರು. ಆ ಹಳೆಯ ಕಾಡಿಗೆ ಬರುವ ಮರ್ಲೆಟ್ ಎಂಬ ಒಂದು ಕಡಲ ಹಕ್ಕಿಯ ವಿಷಯ ಹೇಳಿದರು. ಹಗಲೆಲ್ಲ ಸಮುದ್ರದಲ್ಲಿ ಮೀನು ಹಿಡಿಯುತ್ತದೆ. ಮೊಟ್ಟೆಯಿಡಲು ಮಾತ್ರ ಒಳನಾಡಿನ ಮುದಿಮರಗಳಿಗೆ ಹಾರಿಬರುತ್ತದೆ. ಗೂಡು ಕಟ್ಟಲು ಬಾರದು. ಅಗಲವಾದ ಕೊಂಬೆಯ ಮೇಲಿನ ಪಾಚಿಯೇ ಅದಕ್ಕೆ ಹಾಸಿಗೆ. ಇಡುವುದು ಒಂದೇ ಮೊಟ್ಟೆ. ಅಷ್ಟು ಅಗಲದ ಕೊಂಬೆ, ಅಷ್ಟು ದಪ್ಪದ ಪಾಚಿ ಎಳೆಮರದಲ್ಲಿ ಇರುವುದಿಲ್ಲ. ಪಕ್ಕದ ಜಾಗ ಕಡಿದರೆ ಜೇ ಬರುತ್ತದೆ, ಒಳಗೆ ನುಗ್ಗಿ ಆ ಒಂದು ಮೊಟ್ಟೆಯನ್ನು ಹುಡುಕಿ ತಿನ್ನುತ್ತದೆ. ಕಡಿಯದೆ ಬಿಟ್ಟ ಮರದಲ್ಲೂ ಮರಿಯಾಗುವುದಿಲ್ಲ.

ಮೂರನೆಯ ಜಾಗದ್ದು ಬೇರೆ ಕಥೆ. ಒಟ್ಟಿಗೆ ನೆಟ್ಟ ಮರಗಳು ಒಂದೇ ಎತ್ತರಕ್ಕೆ ಬೆಳೆದು ಮೇಲೆ ಚಪ್ಪರದಂತೆ ಮುಚ್ಚಿಕೊಂಡಿದ್ದವು. ಕೆಳಗೆ ಬೆಳಕಿಲ್ಲ, ಪೊದೆಯಿಲ್ಲ, ಟೊಳ್ಳು ಮರವಿಲ್ಲ, ಸಡಿಲ ತೊಗಟೆಯಿಲ್ಲ. ಬಯಲಿನ ಹಕ್ಕಿಗಳು ಹೊರಟುಹೋಗಿದ್ದವು, ಹಳೆಯ ಕಾಡಿನವು ಬಂದಿರಲಿಲ್ಲ. ಪರದೆಯ ಮೇಲೆ ಎಲ್ಲಕ್ಕಿಂತ ಹಸಿರಾಗಿ, ಒತ್ತಾಗಿ ಕಾಣುವ ಕಾಡೇ ಎಲ್ಲಕ್ಕಿಂತ ಖಾಲಿಯಾಗಿತ್ತು. ಅದಕ್ಕೆ ನಾವು ಪಿಯಾನೊ ಹಾಕಿದ್ದೆವು.

"ನನ್ನ ಅಣ್ಣ ಮರ ಕಡಿಯುವ ಕೆಲಸದಲ್ಲಿದ್ದವನು," ಎಂದರು ಅವರು. "ನಮ್ಮ ಊರಿನ ಅರ್ಧ ಮನೆಗಳು ಅದರಿಂದ ಉಂಡಿವೆ. ಈ ಚಿತ್ರವನ್ನು ಅವರೂ ನೋಡುತ್ತಾರೆ. ಒಂದೇ ಒಂದು ಹಕ್ಕಿ ತಪ್ಪಿದ್ದರೂ ಮೊದಲ ನಿಮಿಷದಲ್ಲೇ ಹಿಡಿಯುತ್ತಾರೆ. ಆಮೇಲೆ ಉಳಿದ ನಲವತ್ತೊಂಬತ್ತು ನಿಮಿಷ ಯಾರೂ ನಂಬುವುದಿಲ್ಲ."

ಕೊನೆಗೆ ಒಂದನೆಯ ಜಾಗದ ಒಂದು ಫೈಲನ್ನು ನನ್ನಿಂದ ತೆರೆಸಿದರು. "ಏಳೆಂಟು ಸಾವಿರ ಹರ್ಟ್ಸಿನ ಹತ್ತಿರ ಸೂಜಿಯಂಥ ಒಂದು ದನಿ ಕೇಳುತ್ತದೆಯೇ? ಕ್ರೀಪರ್ ಎಂಬ ಪುಟ್ಟ ಹಕ್ಕಿ. ಮುದಿಮರದ ಸಡಿಲ ತೊಗಟೆಯ ಹಿಂದೆ ಗೂಡು ಮಾಡುತ್ತದೆ."

ಕೇಳಿದೆ. ಇರಲಿಲ್ಲ. ಹಾಗೆಂದು ಹೇಳಿದಾಗ ಅವರ ಮುಖ ಬಾಡಿತು. ನನಗೆ ಥಟ್ಟನೆ ಹೊಳೆದು, ಫಿಲ್ಟರ್ ಹಾಕದ ಮೂಲ ಫೈಲನ್ನು ತೆರೆದೆ. ಇತ್ತು. ನೀರ ಹನಿಗಳ ನಡುವೆ, ಗಾಜಿನ ಮೇಲೆ ಸೂಜಿ ಎಳೆದಷ್ಟು ತೆಳ್ಳಗೆ. ಹಿಸ್ ತೆಗೆಯುವ ನನ್ನ ಫಿಲ್ಟರ್ ಹಿಸ್ಸಿನ ಜತೆಗೆ ಹಕ್ಕಿಯನ್ನೂ ತೆಗೆದಿತ್ತು.

"ಇದೆ. ಆದರೆ ನಿಮಗೂ ಈಗ ಕೇಳಿಸಿತಲ್ಲವೇ?" ಎಂದೆ.

"ಇಲ್ಲ," ಎಂದರು. "ಅಷ್ಟು ಎತ್ತರದ ದನಿ ನನಗೆ ಕೇಳುವುದು ನಿಂತು ಕೆಲವು ವರ್ಷಗಳಾದವು. ವಯಸ್ಸು. ಪರದೆಯ ಮೇಲೆ ಗೀರು ನೋಡಿ ಇದೆ ಅಂದುಕೊಳ್ಳುತ್ತೇನೆ, ಅಷ್ಟೇ. ಆ ಮರದ ಕೆಳಗೆ ನಾನು ನಿಂತಿದ್ದೆ. ಅದು ಕೂಗಿತೋ ಇಲ್ಲವೋ ನೀವೇ ನನಗೆ ಹೇಳಬೇಕು."

ಆ ಫೈಲನ್ನು ಕೊನೆಯವರೆಗೆ ಕೇಳಿ, ನಾಲ್ಕು ಸಲ ಕೂಗಿದೆ ಎಂದು ಅವರಿಗೆ ಹೇಳಿದೆ. ನನ್ನ ವರ್ಕ್ ಪಾಸಿನ ಯೋಚನೆ ಮತ್ತೆ ಬರಲಿಲ್ಲ.

ಮಧ್ಯಾಹ್ನ ನಿರ್ದೇಶಕರಿಗೆ ಹೇಳಿದೆವು. ಅವರು ಕೆಟ್ಟವರಲ್ಲ, ಎರಡು ವರ್ಷ ಈ ಚಿತ್ರದ ಹಿಂದೆ ಬಿದ್ದಿದ್ದವರು. ಪೂರ್ತಿ ಕೇಳಿಸಿಕೊಂಡು, "ಪ್ರೇಕ್ಷಕರಿಗೆ ಈ ಹಕ್ಕಿ ಆ ಹಕ್ಕಿ ಗೊತ್ತಾಗುವುದಿಲ್ಲ," ಎಂದರು. "ಮೌನ ಎಂದರೆ ನಷ್ಟ ಎಂದು ಎಲ್ಲರಿಗೂ ಅರ್ಥವಾಗುತ್ತದೆ. ಕಡಿದ ಜಾಗದಲ್ಲಿ ಹಕ್ಕಿ ಹಾಡಿದರೆ ಕಡಿದದ್ದೇ ಒಳ್ಳೆಯದಾಯಿತು ಅಂದುಕೊಳ್ಳುತ್ತಾರೆ. ನಾವು ಯಾರ ಪರ?" ಸದ್ಯಕ್ಕೆ ಇದ್ದದ್ದು ಹಾಗೇ ಇರಲಿ ಎಂದು ಎದ್ದುಹೋದರು. ಅವರ ಮಾತಿನಲ್ಲಿ ಹುರುಳಿಲ್ಲ ಎಂದು ಹೇಳುವುದು ಸುಲಭವಾಗಿರಲಿಲ್ಲ.

ಸಂಜೆ ಟೋವಾ ಪಾಯೋದ ನಮ್ಮ ಬ್ಲಾಕಿನ ಹತ್ತಿರ, ಸಾಲು ಊಟದಂಗಡಿಗಳಿರುವ ಹಾಕರ್ ಸೆಂಟರಿನಲ್ಲಿ ಗಂಡನ ಜತೆ ಊಟಕ್ಕೆ ಕೂತಿದ್ದೆ. ಅವನಿಗೆ ದಿನದ ಕಥೆಯೆಲ್ಲ ಹೇಳಿದೆ. ಪಕ್ಕದಲ್ಲಿ ಎಂಜಲು ಟ್ರೇಗಳನ್ನಿಡುವ ಕಡೆ ಮೈನಾಗಳು ಮುತ್ತಿಕೊಂಡು ಅನ್ನಕ್ಕಾಗಿ ಕಚ್ಚಾಡುತ್ತಿದ್ದವು. ಗದ್ದಲದಲ್ಲಿ ಅವನಿಗೆ ನನ್ನ ಮಾತೇ ಕೇಳಿಸುತ್ತಿರಲಿಲ್ಲ.

"ಏನ್ ಗಲಾಟೆ ಮಾರಾಯ್ತಿ ಇವುಗಳದ್ದು! ಮಾತಾಡಕ್ಕೇ ಬಿಡಲ್ಲ," ಎಂದ.

"ಇಲ್ಲಿ ಕೂತು ಯಾರಾದ್ರೂ, ಆಹಾ ಎಂಥಾ ಕಾಡು ಅಂತಾರಾ?" ಎಂದು ಕೇಳಿದೆ.

"ಯಾಕಂತಾರೆ? ಅವು ಬಂದಿರೋದು ಅನ್ನಕ್ಕೆ."

"ಅಷ್ಟೇ ಕಣೋ. ಅದನ್ನೇ ತೋರಿಸ್ಬೇಕು. ಹಕ್ಕಿ ಇದೆಯಾ ಇಲ್ವಾ ಅನ್ನೋದಲ್ಲ. ಯಾವ ಹಕ್ಕಿ, ಯಾಕೆ ಬಂತು, ಅದು ಬಂದಿದ್ದಕ್ಕೆ ಯಾವುದು ಹೋಯ್ತು ಅನ್ನೋದು."

"ಹಂಗಾದ್ರೆ ಬಾಯಲ್ಲಿ ಹೇಳ್ಬೇಡ, ಮಾಡಿ ತೋರ್ಸು. ಡೈರೆಕ್ಟರ್‌ಗಳು ಮಾತಿಗೆ ಒಪ್ಪಲ್ಲ. ಕೆಲಸ ಹೋದ್ರೆ ಹೋಗ್ಲಿ, ನನ್ನ ಪಾಸ್ ಇದೆಯಲ್ಲ. ಊಟ ಮಾಡು, ಆರ್ತಾ ಇದೆ."

ಗುರುವಾರ ಬೆಳಿಗ್ಗೆ ನಿರ್ಮಾಪಕಿಯ ಹತ್ತಿರ ಹೋದೆ. "ನಂಗೆ ನಾಲ್ಕು ದಿನ ಕೊಡಿ. ನಿಜವಾದ ಸದ್ದು ಹಾಕಿ ಇನ್ನೊಂದು ಮಿಕ್ಸ್ ಮಾಡ್ತೀನಿ. ಎರಡನ್ನೂ ಅವರಿಗೆ ತೋರಿಸಿ. ಆಮೇಲೂ ಹಳೇದೇ ಬೇಕು ಅಂದ್ರೆ ಅವರಿಷ್ಟ, ಆದ್ರೆ ನನ್ನ ಹೆಸರು ತೆಗೆದುಬಿಡಿ," ಎಂದೆ.

ಅವರು ಕ್ಯಾಲೆಂಡರ್ ನೋಡಿದರು. "ಸ್ಕ್ರೀನಿಂಗ್ ಇರೋದು ನೆಕ್ಸ್ಟ್ ಫ್ರೈಡೇ. ಮಂಡೇ ಈವ್ನಿಂಗ್ ಒಳಗೆ ಮುಗಿಸ್ತೀರಾ? ರೂಮ್ ನಿಮ್ಗೇ ಬ್ಲಾಕ್ ಮಾಡ್ತೀನಿ, ಬೇರೆ ಪ್ರಾಜೆಕ್ಟ್‌ನವ್ರು ಕೇಳಿದ್ರೆ ನಾನ್ ನೋಡ್ಕೋತೀನಿ. ಡೈರೆಕ್ಟರ್ ಜೊತೆ ಫೈಟ್ ಮಾಡೋದು ನನ್ ಕೆಲ್ಸ ಲಾ, ನಿಮ್ದಲ್ಲ."

ಆ ನಾಲ್ಕು ದಿನಗಳಲ್ಲಿ ಸಾಫ್ಟ್‌ವೇರಿಗೆ ನಾನು ಯಾವ ಕೆಲಸವನ್ನೂ ಒಪ್ಪಿಸಲಿಲ್ಲ. ಮೂಲ ಫೈಲುಗಳನ್ನು ಮೊದಲ ಸೆಕೆಂಡಿನಿಂದ ಕೇಳಿದೆ. ಒಂದನೆಯ ಜಾಗದ್ದೇ ಕಷ್ಟ. ಫಿಲ್ಟರ್ ಹಾಕಿದರೆ ಕ್ರೀಪರ್ ಮಾಯ, ಹಾಕದಿದ್ದರೆ ಹಿಸ್. ಮೈಕಿನ ಮೇಲೆ ಬಿದ್ದ ಹನಿಗಳು ಬೇರೆ ಪಟಪಟ ಎನ್ನುತ್ತಿದ್ದವು. ಸ್ಪೆಕ್ಟ್ರೋಗ್ರಾಮನ್ನು ದೊಡ್ಡದು ಮಾಡಿಕೊಂಡು, ಹಕ್ಕಿಯ ಗೀರನ್ನು ಮುಟ್ಟದಂತೆ ಸುತ್ತಲಿನ ಒಂದೊಂದೇ ಹನಿಯನ್ನು ಕೈಯಾರೆ ತೆಗೆದೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸ. ಶುಕ್ರವಾರ ಇಡೀ ದಿನಕ್ಕೆ ಆದದ್ದು ಮೂರು ನಿಮಿಷ. ಶನಿವಾರ ಕೈ ತಪ್ಪಿ ಆ ನಾಲ್ಕು ಕೂಗುಗಳಲ್ಲಿ ಒಂದನ್ನೇ ಅಳಿಸಿ, ಅದು ಗೊತ್ತಾಗದೆ ಮುಂದೆ ಹೋಗಿ, ಮತ್ತೆ ಮೊದಲಿನಿಂದ ಶುರುಮಾಡಿದೆ.

ಇನ್ನೊಂದು ಸಮಸ್ಯೆ ಎದುರಾಯಿತು. ಆ ದನಿ ಎಷ್ಟು ಸಣ್ಣದೆಂದರೆ ಸಂಗೀತದ ಕೆಳಗೆ ಸತ್ತೇಹೋಗುತ್ತಿತ್ತು. ಅದನ್ನೇ ಜೋರು ಮಾಡಬಹುದಿತ್ತು, ಎಲ್ಲರೂ ಮಾಡುತ್ತಾರೆ. ಆದರೆ ಆ ಹಕ್ಕಿ ಅಷ್ಟು ಜೋರಾಗಿ ಕೂಗುವುದಿಲ್ಲ. ಒಮ್ಮೆ ತಪ್ಪಾಗಿದ್ದ ಮೇಲೆ ಇನ್ನೊಂದು ತಪ್ಪನ್ನು ಸೇರಿಸಲು ಮನಸ್ಸಾಗಲಿಲ್ಲ. ಹಕ್ಕಿಯನ್ನು ಹಾಗೇ ಬಿಟ್ಟು ಸಂಗೀತವನ್ನು ತೆಗೆದೆ. ಎಷ್ಟೋ ದೃಶ್ಯಗಳಲ್ಲಿ ಮರ, ಹನಿ, ಕಾಯುವಿಕೆ ಮಾತ್ರ ಉಳಿದವು. ಒಂದು ಕಡೆ, ಬೆಳಕು ಹರಿಯುವ ಮೊದಲು, ತಲೆಯ ಮೇಲೆ ಹಾದುಹೋಗುವ ಮರ್ಲೆಟ್ಟಿನ ಕೂಗು ಎರಡು ಸಲ ಬರುತ್ತದೆ. ಅಲ್ಲಿ ನಿರೂಪಣೆಯನ್ನೂ ಮುಂದಕ್ಕೆ ತಳ್ಳಿ ಜಾಗ ಮಾಡಿದೆ. ಎರಡನೆಯ ಭಾಗಕ್ಕೆ ಗದ್ದಲವನ್ನು ಪೂರ್ತಿ ಬಿಟ್ಟೆ. ಮೂರನೆಯದಕ್ಕೆ ಪಿಯಾನೊ ತೆಗೆದು ಗಾಳಿಯನ್ನಷ್ಟೇ ಇಟ್ಟೆ.

ಸೋಮವಾರ ಸಂಜೆ ನಾಲ್ಕು ಗಂಟೆಗೆ ನಿರ್ದೇಶಕರು ಬಂದರು. ಮುಖ ಬಿಗಿದಿತ್ತು. ನಿರ್ಮಾಪಕಿ ಅವರ ಪಕ್ಕ ಕೂತರು, ನಾನು ಹಿಂದೆ ಮಿಕ್ಸರಿನ ಮುಂದೆ. ಮೊದಲ ಭಾಗದಲ್ಲಿ ಅವರು ಎರಡು ಸಲ ಕೈಗಡಿಯಾರ ನೋಡಿಕೊಂಡರು. ಆಮೇಲೆ ಯಾವಾಗಲೋ ನೋಡಿಕೊಳ್ಳುವುದನ್ನು ಬಿಟ್ಟರು. ಮರ್ಲೆಟ್ ಕೂಗಿದಾಗ ತಲೆಯೆತ್ತಿ, ಪರದೆಯನ್ನಲ್ಲ, ಕೋಣೆಯ ಛಾವಣಿಯನ್ನು ನೋಡಿದರು. ಕಡಿದ ಜಾಗ ಬಂತು. ಬುಡಗಳ ಮೇಲೆ ಹಕ್ಕಿಗಳ ಜಾತ್ರೆ. ಮೂರನೆಯ ಭಾಗದ ಕಡುಹಸಿರು ಕಾಡು ಬಂದು, ಕ್ಯಾಮೆರಾ ಸಾಲುಮರಗಳ ನಡುವೆ ತೇಲತೊಡಗಿತು. ಏನೂ ಕೇಳಲಿಲ್ಲ. ಅವರು ಮುಂದಕ್ಕೆ ಬಾಗಿದರು, ಏನಾದರೂ ಕೇಳಿಸೀತೆಂದು. ಶಾಟ್ ಮುಗಿಯಿತು.

"ಇನ್ನೊಮ್ಮೆ ಹಾಕಿ," ಎಂದರು. ಮೂರನೆಯ ಭಾಗವನ್ನಷ್ಟೇ ಮತ್ತೆ ಹಾಕಿದೆ. ಮುಗಿದ ಮೇಲೆ ಹೇಳಿದರು: "ನಾನು ಆ ಜಾಗದಲ್ಲಿ ಎರಡು ದಿನ ಇದ್ದೆ. ಹಸಿರು ನೋಡಿ ಖುಷಿಪಟ್ಟೆ. ಅಲ್ಲಿ ಏನೂ ಕೇಳುತ್ತಿರಲಿಲ್ಲ ಎನ್ನುವುದು ನನಗೆ ಗೊತ್ತೇ ಆಗಲಿಲ್ಲ."

ಮೈನಾಗಳ ಮಾತನ್ನು ಆಗ ಅವರಿಗೆ ಹೇಳಿದೆ. ನಕ್ಕರು. ನಿರೂಪಣೆಯ ಹಾಳೆಗಳನ್ನು ತೆಗೆದುಕೊಂಡು ಹೋಗಿ ಮರುದಿನ ಎರಡು ಪುಟ ಹೊಸದಾಗಿ ಬರೆದು ತಂದರು. ಬದಲಾಗುವುದಿಲ್ಲ ಎಂದಿದ್ದ ಶಾಟ್‌ಗಳಲ್ಲೂ ಆರು ಬದಲಾದವು. ನಿರೂಪಕರನ್ನು ಮತ್ತೆ ಕರೆಸಿ ಬುಧವಾರ ದನಿ ಮುದ್ರಿಸಿಕೊಂಡೆವು, ಗುರುವಾರ ಅಂತಿಮ ಮಿಕ್ಸ್ ಮುಗಿಯಿತು. ಹೊಸ ನಿರೂಪಣೆಯ ಒಂದೊಂದು ಸಾಲನ್ನೂ ರೆಕಾರ್ಡಿಸ್ಟ್‌ರಿಗೆ ಓದಿ ಹೇಳಿ ಒಪ್ಪಿಗೆ ಪಡೆದವರು ನಿರ್ದೇಶಕರೇ.

ಶುಕ್ರವಾರದ ಪ್ರದರ್ಶನದಲ್ಲಿ ಚಾನೆಲ್ಲಿನ ಹತ್ತು ಹನ್ನೆರಡು ಮಂದಿ ಇದ್ದರು. ಕಡಿದ ಜಾಗದಲ್ಲಿ ಹಕ್ಕಿಗಳು ಹಾಡತೊಡಗಿದಾಗ ಮುಂದಿನ ಸಾಲಿನ ಒಬ್ಬರು ಮುಗುಳ್ನಕ್ಕದ್ದು ಕಂಡಿತು. ಜೇ ಹಕ್ಕಿ ಅಂಚು ದಾಟಿ ಹಳೆಯ ಕಾಡಿನೊಳಗೆ ನುಗ್ಗುವ ಹೊತ್ತಿಗೆ ಆ ನಗು ಇರಲಿಲ್ಲ. ಕೊನೆಯಲ್ಲಿ ಒಬ್ಬರು ಸಂಗೀತ ಕಡಿಮೆಯಾಯಿತು ಎಂದರು. ಉಳಿದವರು ಹಾಗೇ ಇರಲಿ ಎಂದರು. ಚಿತ್ರ ಪಾಸಾಯಿತು. ನನ್ನ ಪಾಸ್ ಕೂಡ ನವೀಕರಣವಾಯಿತು. ನಾನು ಮಾಡಿದ ತಪ್ಪಿನ ಬಗ್ಗೆ ಆಫೀಸಿನಲ್ಲಿ ಯಾರೂ ಮತ್ತೆ ಮಾತೆತ್ತಲಿಲ್ಲ. ಫೈಲಿನ ಮೊದಲ ನಿಮಿಷ ಕತ್ತರಿಸುವ ನಿಯಮವನ್ನು ನಾನೇ ಅಳಿಸಿಹಾಕಿದೆ.

ಇದನ್ನೆಲ್ಲ ಬರೆಯಲು ಕಾರಣ ತಪ್ಪೊಪ್ಪಿಗೆಯಲ್ಲ. ಕೆಲಸದಲ್ಲಿ ತಪ್ಪುಗಳು ಆಗುತ್ತವೆ, ಹೆಚ್ಚಿನ ಸಲ ಬೈಸಿಕೊಂಡು ಮುಗಿಯುತ್ತದೆ. ಈ ಸಲ ಮೂವರು ನನ್ನನ್ನು ಬೈಯಬಹುದಿತ್ತು. ಒಬ್ಬರು ಕೂತು ಕಲಿಸಿದರು, ಒಬ್ಬರು ಅಡ್ಡ ನಿಂತು ಕಾಪಾಡಿದರು, ಇನ್ನೊಬ್ಬರು ತಮ್ಮ ಎರಡು ವರ್ಷದ ಕಲ್ಪನೆಯನ್ನು ಒಂದೇ ಸಂಜೆಯಲ್ಲಿ ಬಿಟ್ಟುಕೊಟ್ಟರು. ಅಂಥವರ ಜತೆ ಒಂದು ತಿಂಗಳು ಕೆಲಸ ಮಾಡಿದ್ದು ನನ್ನ ಅದೃಷ್ಟ.

ಚಿತ್ರ ಪ್ರಸಾರವಾದ ಎರಡು ತಿಂಗಳ ಮೇಲೆ ರೆಕಾರ್ಡಿಸ್ಟ್‌ರಿಂದ ಉದ್ದನೆಯ ಮೇಲ್ ಬಂತು. ಅವರ ಊರಿನ ಶಾಲೆಯ ಸಭಾಂಗಣದಲ್ಲಿ ಚಿತ್ರ ತೋರಿಸಿದರಂತೆ. ಮರ ಕಡಿಯುವವರೂ ಬಂದಿದ್ದರು, ಬೇಡ ಎನ್ನುವವರೂ ಬಂದಿದ್ದರು. ಆಮೇಲೆ ವಾದ ಜೋರಾಗಿಯೇ ನಡೆಯಿತು, ಆದರೆ ಹಕ್ಕಿಗಳ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ. ಒಂದನೆಯ ಜಾಗವನ್ನೂ ಕಡಿಯಬೇಕೆಂಬ ಪ್ರಸ್ತಾಪ ಅಲ್ಲಿದೆಯಂತೆ, ಅದು ಇನ್ನೂ ತೀರ್ಮಾನವಾಗಿಲ್ಲ. ಅವರ ಅಣ್ಣ ಮನೆಗೆ ಬಂದು ಕೇಳಿದನಂತೆ, "ಆ ಮೂರನೆಯ ಜಾಗ, ಆಗ ನಾನೂ ಸಸಿ ನೆಟ್ಟ ಜಾಗವೇ, ಅಲ್ಲವಾ?" ಹೌದು ಎಂದಾಗ ಬೇರೇನೂ ಹೇಳದೆ ಚಹಾ ಕುಡಿದು ಎದ್ದುಹೋದನಂತೆ.

ಚಿತ್ರ ನೋಡುವಾಗ ಅವರ ಪಕ್ಕದಲ್ಲಿ ಅಣ್ಣನ ಮಗಳು ಕೂತಿದ್ದಳು. ಹಳೆಯ ಕಾಡಿನ ಭಾಗ ಶುರುವಾಗುವ ಮೊದಲು ಅವಳ ಕೈ ಹಿಡಿದುಕೊಂಡು, ಸೂಜಿಯಂಥ ಸಣ್ಣ ದನಿ ಕೇಳಿದಾಗಲೆಲ್ಲ ನನ್ನ ಕೈ ಅದುಮು ಎಂದು ಹೇಳಿದ್ದರಂತೆ. ಬಹಳ ಹೊತ್ತು ಅವಳು ಅಲುಗಾಡಲಿಲ್ಲ. ಕೇಳಿಸುತ್ತಿಲ್ಲವೇನೋ ಎಂದು ಇವರಿಗೆ ಭಯವಾಯಿತು. ಆಮೇಲೆ ಒಮ್ಮೆ ಅದುಮಿದಳು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ಆ ಭಾಗ ಮುಗಿಯುವಷ್ಟರಲ್ಲಿ ಒಟ್ಟು ನಾಲ್ಕು ಸಲ.

"ನಾಲ್ಕೂ ಇವೆ," ಎಂದು ಬರೆದಿದ್ದರು.